ಹಲಗೆಗೆ ಗಾಲಿ, ಮಕ್ಕಳಿಗೆ ದಾರಿ

ನಡೆಯುವವರು ಎಡವುತ್ತಾರೆಯೇ ಹೊರತು ಕುಳಿತವರು ಎಡವುವುದಿಲ್ಲ ಎಂಬ ಮಾತು ಕನ್ನಡದಲ್ಲಿ ಬಹು ಹಳೆಯದು. ನಡೆಯುವವರಿಗೆ ಧೈರ್ಯ ಹೇಳಲು ಹಿರಿಯರು ಆಡಿದ ಈ ಮಾತನ್ನು ಮಹಾನಗರದ ತಂದೆತಾಯಿಗಳು ತಲೆಕೆಳಗು ಮಾಡಿಕೊಂಡಿದ್ದಾರೆ. ಎಡವಬಾರದೆಂದಿದ್ದರೆ ಕುಳಿತಿರುವುದೇ ಲೇಸು ಎಂಬ ತೀರ್ಮಾನಕ್ಕೆ ಅವರು ಬಂದಂತಿದೆ. ತಪ್ಪು ಅವರೊಬ್ಬರದೇ ಅಲ್ಲ. ಚೆಂಬೂರಿನ ತಿಲಕನಗರದಂಥ ಬಡಾವಣೆಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ, ಅವುಗಳ ಜಾಗದಲ್ಲಿ ಬಹುಮಹಡಿ ಸೌಧಗಳು ಎದ್ದಿವೆ. ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದ ಅಂಗಳಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತಿವೆ. ಹೊರಗೆ ಸಾಯನ್-ಟ್ರಾಂಬೆ ರಸ್ತೆಯ ವಾಹನಗಳ ಪ್ರವಾಹ, ಒಳಗೆ ಕೈಯಲ್ಲೊಂದು ಮೊಬೈಲ್ ಫೋನ್. ಇವೆರಡರ ನಡುವೆ ಸಿಕ್ಕ ಮಗು ಕುಳಿತಲ್ಲಿಯೇ ಬೆಳೆಯುತ್ತಿದೆ.

ಇಷ್ಟು ಪೀಠಿಕೆಗೆ ಕಾರಣವಾದ ವಸ್ತು ಗಾಲಿಗಳ ಮೇಲೆ ಓಡುವ ಒಂದು ಸಾಮಾನ್ಯ ಹಲಗೆ. ಅದನ್ನು ಸ್ಕೇಟ್‌ಬೋರ್ಡ್ ಎಂದು ಕರೆಯುತ್ತಾರೆ. ಇದು ಪರದೇಶದ ಶ್ರೀಮಂತ ಮಕ್ಕಳ ಆಟಿಕೆಯೆಂದು ತಿಳಿದವರೇ ಹೆಚ್ಚು. ಆದರೆ ಕರ್ನಾಟಕದ ಊರುಗಳಲ್ಲಿಯೂ ಮುಂಬಯಿಯ ಚಾಳುಗಳಲ್ಲಿಯೂ ಬಾಲ್ಯ ಕಳೆದ ಹಿರಿಯರಿಗೆ ಇದರ ಸಮೀಪದ ಬಂಧುವೊಂದರ ಪರಿಚಯ ಚೆನ್ನಾಗಿಯೇ ಇದೆ. ಗ್ಯಾರೇಜಿನವರು ಎಸೆದ ಸವೆದ ಬೇರಿಂಗುಗಳನ್ನು ಬೇಡಿ ತಂದು, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗೆ ಸಿಕ್ಕಿಸಿ, ಇಳಿಜಾರಿನಲ್ಲಿ ಕರಕರ ಸದ್ದು ಮಾಡುತ್ತ ಜಾರುತ್ತಿದ್ದ ಬೇರಿಂಗ್ ಗಾಡಿಯೇ ಆ ಬಂಧು. ಸಮುದ್ರದ ಆಚೆಯ ಮಕ್ಕಳೂ ಇದನ್ನೇ ಮಾಡಿದರು. ಅವರ ಹಲಗೆ ಒಂದು ಉದ್ಯಮವಾಗಿ ಬೆಳೆಯಿತು. ಆ ಉದ್ಯಮ ಒಂದು ತಂಡವನ್ನು ಸಾಕಿತು. ಆ ತಂಡ ಜಗತ್ತಿಗೇ ಒಂದು ಆಟವನ್ನು ಕಲಿಸಿತು. ಕಂಪೆನಿಯ ಕಥೆಯಲ್ಲಿ ವ್ಯಾಪಾರಿಗಳಿಗೊಂದು ಪಾಠವಿದೆ, ತಂಡದ ಕಥೆಯಲ್ಲಿ ತಂದೆತಾಯಿಗಳಿಗೊಂದು ಪಾಠವಿದೆ. ಅವೆರಡನ್ನೂ ಇಲ್ಲಿ ಒಟ್ಟಿಗೆ ಪರಿಶೀಲಿಸಬಹುದು.

ಗಾಲಿಯ ಗುಣ

ಸ್ಕೇಟ್‌ಬೋರ್ಡಿನ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಕಡಲಲೆಗಳ ಮೇಲೆ ಹಲಗೆಯಲ್ಲಿ ತೇಲುವ ಸರ್ಫಿಂಗ್ ಕ್ರೀಡೆಯವರು, ಅಲೆಯಿಲ್ಲದ ದಿನ ರಸ್ತೆಯ ಮೇಲೆಯೇ ತೇಲುವ ಆಸೆಯಿಂದ ಮರದ ಹಲಗೆಗೆ ರೋಲರ್ ಸ್ಕೇಟಿನ ಚಕ್ರಗಳನ್ನು ಜೋಡಿಸಿಕೊಂಡರು. 1960ರ ದಶಕದ ಆರಂಭದಲ್ಲಿ ಇದೊಂದು ಹುಚ್ಚಿನಂತೆ ಹಬ್ಬಿತು. ಆದರೆ ಅಂದಿನ ಗಾಲಿಗಳು ಲೋಹದವು, ಇಲ್ಲವೆ ಜೇಡಿಮಣ್ಣಿನ ಮಿಶ್ರಣದಿಂದ ಮಾಡಿದವು. ಅವಕ್ಕೆ ನೆಲದ ಹಿಡಿತವಿರಲಿಲ್ಲ. ಕಡಲೆಕಾಳಿನಷ್ಟು ಕಲ್ಲು ಅಡ್ಡ ಬಂದರೂ ಹಲಗೆ ಗಕ್ಕನೆ ನಿಂತು, ಮೇಲಿದ್ದವನು ಮುಂದಕ್ಕೆ ಹಾರಿಬೀಳುತ್ತಿದ್ದನು. 1965ರ ಮೇ ತಿಂಗಳಲ್ಲಿ ಪ್ರಸಿದ್ಧ 'ಲೈಫ್' ಪತ್ರಿಕೆ ತನ್ನ ಮುಖಪುಟದಲ್ಲಿ ಈ ಆಟದ ಚಿತ್ರವನ್ನು ಪ್ರಕಟಿಸಿ, ಇದನ್ನು ಹುಚ್ಚೆಂದೂ ಪೀಡೆಯೆಂದೂ ಒಟ್ಟಿಗೆ ವರ್ಣಿಸಿತು. ನಗರಗಳು ನಿಷೇಧ ಹೇರಿದವು. ಎರಡು-ಮೂರು ವರ್ಷ ಮೆರೆದ ಆಟ ಮೂಲೆ ಸೇರಿತು.

ಅದಕ್ಕೆ ಮರುಜೀವ ಕೊಟ್ಟದ್ದು ಒಂದು ರಾಸಾಯನಿಕ ಪದಾರ್ಥವೆಂಬುದು, ರಾಸಾಯನಿಕ ಕಾರ್ಖಾನೆಗಳ ನೆರೆಯಲ್ಲಿ ಬದುಕುವ ಚೆಂಬೂರಿನವರಿಗೆ ಕುತೂಹಲದ ಸಂಗತಿ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬ ತರುಣನು ವರ್ಜೀನಿಯಾದ ಕಾರ್ಖಾನೆಯೊಂದರಲ್ಲಿ ಪಾಲಿಯುರೆಥೇನ್‌ನಿಂದ ಮಾಡಿದ ರೋಲರ್ ಸ್ಕೇಟಿನ ಗಾಲಿಗಳನ್ನು ಕಂಡು, ಅವನ್ನು ಹಲಗೆಗೆ ಜೋಡಿಸಿ ನೋಡಿದನು. ರಬ್ಬರಿನಂತೆ ನೆಲವನ್ನು ಹಿಡಿದರೂ ರಬ್ಬರಿನಂತೆ ಬೇಗ ಸವೆಯದ ಈ ಗಾಲಿ ಆಟದ ಸ್ವರೂಪವನ್ನೇ ಬದಲಿಸಿತು. ಸಣ್ಣ ಕಲ್ಲನ್ನು ದಾಟಿ ಹೋಗುವುದು, ಓರೆಯಾಗಿ ತಿರುಗುವುದು, ಇಳಿಜಾರನ್ನು ಏರಿ ಮರಳುವುದು ಎಲ್ಲವೂ ಸಾಧ್ಯವಾಯಿತು. 1970ರ ದಶಕದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭೀಕರ ಬರಗಾಲ ಬಂದು ಮನೆಮನೆಯ ಈಜುಕೊಳಗಳು ಬರಿದಾದಾಗ, ಹುಡುಗರು ಆ ಕೊಳಗಳ ಬಾಗಿದ ಗೋಡೆಗಳ ಮೇಲೆಯೇ ಹಲಗೆ ಓಡಿಸತೊಡಗಿದರು. ಒಬ್ಬರ ಬರ ಇನ್ನೊಬ್ಬರಿಗೆ ಆಟದ ಬಯಲಾಯಿತು.

ಇಂಜಿನಿಯರನೂ ಆಟಗಾರನೂ

ಈ ಕಾಲದಲ್ಲಿಯೇ ಜಾರ್ಜ್ ಪವೆಲ್ ಎಂಬುವರು ರಂಗಕ್ಕೆ ಬಂದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಕಲಿತು ವಿಮಾನೋದ್ಯಮದಲ್ಲಿ ಕೆಲಸಕ್ಕಿದ್ದ ಗೃಹಸ್ಥರಿವರು. ಮಗನು ಸ್ಕೇಟ್‌ಬೋರ್ಡ್ ಬೇಕೆಂದು ಹಟ ಹಿಡಿದಾಗ ಗ್ಯಾರೇಜಿನ ಮೂಲೆಯಲ್ಲಿದ್ದ ಹಳೆಯದೊಂದನ್ನು ತೆಗೆದುಕೊಟ್ಟರಂತೆ. ಬೇರೆ ಹುಡುಗರ ಹಲಗೆ ನುಣ್ಣಗೆ ಓಡುತ್ತದೆ, ತನ್ನದು ಓಡುವುದಿಲ್ಲವೆಂದು ಮಗನು ದೂರಿದನು. ಬೇರೆ ತಂದೆಯಾಗಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದರು. ಇವರು ಕಾರಣವನ್ನು ಹುಡುಕಹೊರಟರು. ಹೊಸ ಗಾಲಿಗಳನ್ನು ಪರೀಕ್ಷಿಸಿದರು. ಮರ ಮತ್ತು ಅಲ್ಯೂಮಿನಿಯಂ ಪದರಗಳನ್ನು ಕೂಡಿಸಿ ಹಲಗೆ ಮಾಡಿ ನೋಡಿದರು. ಕೊನೆಗೆ ನೌಕರಿಯನ್ನು ಬಿಟ್ಟು ಸಾಂತಾ ಬಾರ್ಬರಾ ಎಂಬ ಊರಿನಲ್ಲಿ ಸ್ವಂತ ಉದ್ಯಮ ಹೂಡಿದರು. ಅವರು ತಯಾರಿಸಿದ ಗಾಲಿ ಅಚ್ಚಬಿಳಿಯ ಬಣ್ಣದ್ದು. ಮೂಳೆಯಂತೆ ಬೆಳ್ಳಗಿದ್ದುದರಿಂದ ಅದಕ್ಕೆ 'ಬೋನ್ಸ್' ಎಂದೇ ಹೆಸರಾಯಿತು.

ಪದಾರ್ಥ ಒಳ್ಳೆಯದಾದರೆ ಸಾಲದು, ಆಟದ ಮರ್ಮ ಬಲ್ಲವರೂ ಜೊತೆಗಿರಬೇಕು ಎಂಬುದನ್ನು ಪವೆಲ್ ಅರಿತಿದ್ದರು. 1978ರಲ್ಲಿ ಅವರೊಡನೆ ಪಾಲುದಾರನಾಗಿ ಸೇರಿದವನು ಸ್ಟೇಸಿ ಪೆರಾಲ್ಟಾ. ಆಗ ಅವನಿಗೆ ಇಪ್ಪತ್ತು ದಾಟಿತ್ತಷ್ಟೆ. 1975ರ ಡೆಲ್ ಮಾರ್ ಸ್ಪರ್ಧೆಯಲ್ಲಿ ಬಗ್ಗಿ ನೆಲ ಮುಟ್ಟುವ ಹೊಸ ಶೈಲಿಯಿಂದ ಎಲ್ಲರ ಹುಬ್ಬೇರಿಸಿದ ಜೆಫಿರ್ ತಂಡದ ಸದಸ್ಯನಾಗಿದ್ದು, ಮುಂದೆ ದೇಶದ ಅಗ್ರಗಣ್ಯ ಆಟಗಾರರಲ್ಲೊಬ್ಬನೆನಿಸಿದ್ದನು. ಒಬ್ಬರದು ಪ್ರಯೋಗಶಾಲೆಯ ಬುದ್ಧಿ, ಇನ್ನೊಬ್ಬನದು ಮೈದಾನದ ಅನುಭವ. ಇಬ್ಬರ ಹೆಸರನ್ನೂ ಕೂಡಿಸಿ ಪವೆಲ್-ಪೆರಾಲ್ಟಾ ಎಂಬ ಕಂಪೆನಿ ಹುಟ್ಟಿತು.

ಕಂಪೆನಿಗಳು ಆಟದ ತಂಡಗಳನ್ನು ಸಾಕುವುದು ಮುಂಬಯಿಯವರಿಗೆ ಹೊಸದಲ್ಲ. ಟೈಮ್ಸ್ ಶೀಲ್ಡ್ ಕ್ರಿಕೆಟ್ ಪಂದ್ಯಗಳಲ್ಲಿ ಟಾಟಾ, ಮಫತ್‌ಲಾಲ್, ನಿರ್ಲಾನ್ ಮೊದಲಾದ ಸಂಸ್ಥೆಗಳ ತಂಡಗಳು ಸೆಣಸುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ಗಾವಸ್ಕರ್ ನಿರ್ಲಾನ್ ಸಂಸ್ಥೆಯಲ್ಲಿಯೂ ನಮ್ಮ ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿಯೂ ನೌಕರಿಯಲ್ಲಿದ್ದವರು. ಆದರೆ ಅಲ್ಲಿ ಕಂಪೆನಿಯ ಕಸುಬೇ ಬೇರೆ, ತಂಡವೇ ಬೇರೆ. ನೂಲು ಮಾರುವವನಿಗೆ ಕ್ರಿಕೆಟ್ ತಂಡ ಒಂದು ಆಭರಣ. ಪವೆಲ್-ಪೆರಾಲ್ಟಾದಲ್ಲಿ ಹಾಗಲ್ಲ. ಅಲ್ಲಿ ಹಲಗೆ ಮಾಡುವವರು, ಅದರ ಮೇಲೆ ಆಡುವವರು, ಅದರ ದೋಷ ಹೇಳುವವರು, ಅದನ್ನು ಜನಕ್ಕೆ ತೋರಿಸುವವರು ಎಲ್ಲರೂ ಒಂದೇ ಮನೆಯವರು. ತಂಡವೇ ಪ್ರಯೋಗಶಾಲೆ, ತಂಡವೇ ಜಾಹೀರಾತು.

ಬಿಳಿ ಗಾಲಿಯ ಪಡೆ

ಪೆರಾಲ್ಟಾ ಆಗಲೇ ಹೆಸರು ಮಾಡಿದವರನ್ನು ಹಣ ಕೊಟ್ಟು ಕರೆತರಲಿಲ್ಲ. ಹದಿಮೂರು-ಹದಿನಾಲ್ಕರ ಹರೆಯದ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹುಡುಗರನ್ನು ಹುಡುಕಿದನು. 1979ರ ಸುಮಾರಿಗೆ ರೂಪುಗೊಂಡ ಈ ತಂಡಕ್ಕೆ 'ಬೋನ್ಸ್ ಬ್ರಿಗೇಡ್' ಎಂದು ಹೆಸರಾಯಿತು. ಮುಂದಿನ ವರ್ಷಗಳಲ್ಲಿ ಅದರಲ್ಲಿ ಪ್ರಖ್ಯಾತರಾದವರು ಆರು ಮಂದಿ: ಸ್ಟೀವ್ ಕ್ಯಾಬಲೆರೊ, ರಾಡ್ನಿ ಮುಲ್ಲನ್, ಟೋನಿ ಹಾಕ್, ಮೈಕ್ ಮೆಕ್‌ಗಿಲ್, ಲ್ಯಾನ್ಸ್ ಮೌಂಟನ್ ಮತ್ತು ಟಾಮಿ ಗೆರೆರೊ.

ಇವರಲ್ಲಿ ಹುಟ್ಟಾ ಜಟ್ಟಿಗಳು ಯಾರೂ ಇರಲಿಲ್ಲವೆಂಬುದು ಗಮನಾರ್ಹ. ಕ್ಯಾಬಲೆರೊ ಸಣ್ಣ ಮೈಕಟ್ಟಿನವನು. ಅವನ ಬೆನ್ನುಮೂಳೆ ಒಂದು ಪಕ್ಕಕ್ಕೆ ಬಾಗಿದ್ದಿತು. ವೈದ್ಯರು ಸ್ಕೋಲಿಯೋಸಿಸ್ ಎಂದು ಕರೆಯುವ ಈ ವಕ್ರತೆಯನ್ನು ಹೊತ್ತುಕೊಂಡೇ ಅವನು ಗೋಡೆಯಂಚಿನಿಂದ ಗಾಳಿಗೆ ಚಿಮ್ಮಿ, ಹಲಗೆಯನ್ನು ಕೈಯಿಂದ ಹಿಡಿಯದೆ ಪೂರ್ತಿ ಒಂದು ಸುತ್ತು ತಿರುಗಿ ಇಳಿಯುವ ಕೌಶಲವನ್ನು ಕಂಡುಹಿಡಿದನು. ಆ ವರಸೆ ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ಟೋನಿ ಹಾಕ್ ಎಷ್ಟು ಬಡಕಲಾಗಿದ್ದನೆಂದರೆ ಮೊಣಕಾಲಿನ ಕವಚಗಳು ಜಾರಿಹೋಗುತ್ತಿದ್ದವೆಂದು, ಮೊಣಕೈಗೆ ಕಟ್ಟುವ ಸಣ್ಣ ಕವಚಗಳನ್ನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದನು. ಕೊಳದ ಗೋಡೆಯಿಂದ ಮೇಲಕ್ಕೆ ಚಿಮ್ಮಲು ಮೈಯಲ್ಲಿ ಭಾರವಿಲ್ಲದ ಕಾರಣ ತನ್ನದೇ ಆದ ಉಪಾಯಗಳನ್ನು ಹುಡುಕಿಕೊಳ್ಳಬೇಕಾಯಿತು. ಹಳಬರು ಅದನ್ನು ಸರ್ಕಸ್ ಎಂದು ಹಾಸ್ಯ ಮಾಡಿದರು. ಆ ಸರ್ಕಸ್ಸೇ ಮುಂದೆ ಆಟದ ಶಾಸ್ತ್ರವಾಯಿತು.

ರಾಡ್ನಿ ಮುಲ್ಲನ್‌ನ ಕಥೆ ಪ್ರತಿಯೊಬ್ಬ ತಂದೆಯೂ ಓದಬೇಕಾದುದು. ಫ್ಲಾರಿಡಾದ ಈ ಹುಡುಗ 1977ರ ಹೊಸ ವರ್ಷದ ದಿನ, ಹತ್ತನೆಯ ವಯಸ್ಸಿನಲ್ಲಿ ಹಲಗೆ ಏರಿದನು. ತಂದೆ ಬಹು ಕಟ್ಟುನಿಟ್ಟಿನ ಮನುಷ್ಯ. ಅವರು ಎರಡು ಷರತ್ತುಗಳನ್ನು ಹಾಕಿದರು: ಯಾವಾಗಲೂ ರಕ್ಷಣಾ ಕವಚಗಳನ್ನು ಧರಿಸಿರಬೇಕು; ಮೊದಲ ಸಲ ದೊಡ್ಡ ಗಾಯವಾದ ದಿನವೇ ಆಟ ನಿಲ್ಲಬೇಕು. ಆ ಎರಡನೆಯ ಷರತ್ತಿನ ಭಯದಿಂದಲೇ ಇರಬೇಕು, ಅವನ ಆಟದಲ್ಲಿ ಅತಿಶಯವಾದ ಎಚ್ಚರವೂ ನಿಖರತೆಯೂ ಬೆಳೆದವು. ಮನೆಯ ಗ್ಯಾರೇಜಿನ ಸಮತಟ್ಟು ನೆಲದ ಮೇಲೆ ಒಬ್ಬನೇ ಗಂಟೆಗಟ್ಟಲೆ ಅಭ್ಯಾಸ ಮಾಡಿ, 1980ರಲ್ಲಿ ಹದಿನಾಲ್ಕರ ಹುಡುಗ ವೃತ್ತಿಪರರನ್ನು ಸೋಲಿಸಿದನು. ಸಪಾಟು ನೆಲದಿಂದಲೇ, ಕೈಯಿಂದ ಮುಟ್ಟದೆ, ಪಾದಗಳ ಚಳಕದಿಂದ ಹಲಗೆಯನ್ನು ಗಾಳಿಗೆ ಎತ್ತುವ ವಿದ್ಯೆಯನ್ನು 1980ರ ದಶಕದ ಆರಂಭದಲ್ಲಿ ಸಾಧಿಸಿ ತೋರಿಸಿದವನು ಅವನೇ. ಇಂದು ಜಗತ್ತಿನ ಯಾವ ಬೀದಿಯಲ್ಲಿ ಯಾವ ಮಗು ಹಲಗೆಯೊಡನೆ ನೆಗೆದರೂ ಅದರ ಮೂಲ ಆ ಗ್ಯಾರೇಜಿನಲ್ಲಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಬರಗಾಲದ ಬೇಸಾಯ

ತಂಡ ಕೂಡಿತು, ಆದರೆ ಕಾಲ ಕೂಡಿಬರಲಿಲ್ಲ. ಗಾಯಾಳುಗಳ ಮೊಕದ್ದಮೆಗಳಿಗೆ ಹೆದರಿ ವಿಮಾ ಸಂಸ್ಥೆಗಳು ಹಿಂದೆ ಸರಿದವು. ವಿಮೆಯಿಲ್ಲದೆ ನಡೆಸಲಾಗದೆ 1980ರ ಹೊತ್ತಿಗೆ ಅಮೆರಿಕದ ಸ್ಕೇಟ್‌ಪಾರ್ಕುಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. 1982ರಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿ ವೃತ್ತಿಪರನಾದ ಟೋನಿ ಹಾಕ್‌ಗೆ, ತನ್ನ ಹೆಸರಿನ ಹಲಗೆಯ ಮಾರಾಟದ ಗೌರವಧನವೆಂದು ಬಂದ ಮೊದಲ ಚೆಕ್ಕಿನ ಮೊತ್ತ 85 ಸೆಂಟ್, ಎಂದರೆ ಒಂದು ಡಾಲರ್ ಸಹ ಅಲ್ಲ. ಸ್ಪರ್ಧೆಗಳನ್ನು ನಡೆಸುವವರೇ ಇಲ್ಲದಿದ್ದಾಗ ಅವನ ತಂದೆ ಫ್ರಾಂಕ್ ಹಾಕ್ 1983ರಲ್ಲಿ ರಾಷ್ಟ್ರೀಯ ಸ್ಕೇಟ್‌ಬೋರ್ಡ್ ಸಂಘವನ್ನು ಸ್ಥಾಪಿಸಿ, ಸ್ಪರ್ಧೆಗಳ ಹೊಣೆ ಹೊತ್ತರು. ಒಬ್ಬ ತಂದೆ ಷರತ್ತು ಹಾಕಿ ಮಗನನ್ನು ಕಾಪಾಡಿದರೆ, ಇನ್ನೊಬ್ಬ ತಂದೆ ಮಗನಿಗಾಗಿ ಮೈದಾನವನ್ನೇ ಕಟ್ಟಿದರು.

ಕಂಪೆನಿಯೂ ಈ ಬರಗಾಲದಲ್ಲಿ ಬೀಜವನ್ನು ಮಾರಿಕೊಳ್ಳಲಿಲ್ಲ. ತಂಡವನ್ನು ಕೈಬಿಡದೆ ಉಳಿಸಿಕೊಂಡಿತು. ಜನ ಆಟದ ಬಳಿಗೆ ಬಾರದಿದ್ದರೆ ಆಟವನ್ನೇ ಜನರ ಮನೆಗೆ ಕಳುಹಬೇಕೆಂದು ಯೋಚಿಸಿ, ಆಗತಾನೇ ಮನೆಗಳಿಗೆ ಬರುತ್ತಿದ್ದ ವಿ.ಸಿ.ಆರ್. ಯಂತ್ರವನ್ನು ನೆಚ್ಚಿಕೊಂಡಿತು. 1984ರಲ್ಲಿ 'ಬೋನ್ಸ್ ಬ್ರಿಗೇಡ್ ವಿಡಿಯೋ ಷೋ' ಎಂಬ ಕ್ಯಾಸೆಟ್ ಹೊರಬಂದಿತು. ಪೆರಾಲ್ಟಾನೇ ಅದನ್ನು ಚಿತ್ರಿಸಿದನು. ತಂಡದಲ್ಲಿ ಎಲ್ಲರಿಗಿಂತ ಸಾಮಾನ್ಯನಂತೆ ಕಾಣುತ್ತಿದ್ದ ಲ್ಯಾನ್ಸ್ ಮೌಂಟನ್ ನಗುನಗುತ್ತ ಬೀದಿಯಿಂದ ಬೀದಿಗೆ ಹಲಗೆ ಓಡಿಸಿ ಉಳಿದವರನ್ನು ಪರಿಚಯಿಸುವ ಸೂತ್ರಧಾರನಾದನು. ಇಂಥ ಆಟ ತನ್ನಿಂದಲೂ ಸಾಧ್ಯವೆಂದು ದೂರದೂರುಗಳ ಮಕ್ಕಳಿಗೆ ಅನಿಸಿದ್ದು ಅವನನ್ನು ನೋಡಿಯೇ. ಅದೇ ವರ್ಷ ಮೆಕ್‌ಗಿಲ್ ಸ್ವೀಡನ್ನಿನ ಬೇಸಿಗೆ ಶಿಬಿರದಲ್ಲಿ ಗಾಳಿಯಲ್ಲಿ ತಲೆಕೆಳಗಾಗಿ ಒಂದೂವರೆ ಸುತ್ತು ತಿರುಗುವ ಹೊಸ ಸಾಹಸವನ್ನು ಸಾಧಿಸಿದನು. ದಶಕದ ಉತ್ತರಾರ್ಧದಲ್ಲಿ ಕಂಪೆನಿ ತನ್ನ ಕ್ಷೇತ್ರದ ಚಕ್ರವರ್ತಿಯೆನಿಸಿತು.

ಲೆಕ್ಕಪುಸ್ತಕದಲ್ಲಿ ಕಾಣದ ಆಸ್ತಿ

ತಾನಾಗಿ ಗಳಿಸಿದ ಕೀರ್ತಿಯನ್ನು ಅಢಾವೆ ಪತ್ರಿಕೆಯ ಆಸ್ತಿಯ ಪಟ್ಟಿಯಲ್ಲಿ ಬರೆಯುವಂತಿಲ್ಲವೆಂಬುದು ಲೆಕ್ಕಶಾಸ್ತ್ರದ ನಿಯಮ. ಯಂತ್ರಕ್ಕೆ ಬೆಲೆ ಕಟ್ಟಬಹುದು, ದಾಸ್ತಾನಿಗೆ ಬೆಲೆ ಕಟ್ಟಬಹುದು. ತಂಡದ ಮನಸ್ಸಿಗೆ ಬೆಲೆ ಕಟ್ಟುವ ಕಾಲಮ್ಮೇ ಇಲ್ಲ. ಅದು ಎಷ್ಟು ದೊಡ್ಡ ಆಸ್ತಿಯಾಗಿತ್ತೆಂಬುದು ಕೈಬಿಟ್ಟುಹೋದಾಗಲೇ ತಿಳಿಯುವುದು. 1980ರ ದಶಕ ಮುಗಿಯುವ ವೇಳೆಗೆ ಹುಡುಗರು ಗಂಡಸರಾಗಿದ್ದರು. ತಮ್ಮದೇ ಉದ್ಯಮ ಕಟ್ಟುವ ಆಸೆ ಅವರಲ್ಲಿ ಸಹಜವಾಗಿ ಮೂಡಿತ್ತು. ಮುಲ್ಲನ್ ಹೊಸ ಪ್ರತಿಸ್ಪರ್ಧಿ ಸಂಸ್ಥೆಯೊಂದಕ್ಕೆ ಪಾಲುದಾರನಾಗಿ ಹೋದನು. ಗೆರೆರೊ, ಮೌಂಟನ್ ತಮ್ಮ ತಮ್ಮ ಸಂಸ್ಥೆಗಳನ್ನು ಹೂಡಿದರು. ದೊಡ್ಡ ಇಳಿಜಾರುಗಳ ಆಟ ಹಿಂದೆ ಸರಿದು ಬೀದಿಯ ಮೆಟ್ಟಿಲು-ಕಂಬಿಗಳ ಆಟ ಮುಂದೆ ಬಂದಿತು. ಅದರ ಮೇಲೆ ಆರ್ಥಿಕ ಹಿಂಜರಿತವೂ ಬಂದೆರಗಿತು. 1990ರ ದಶಕದ ಆರಂಭದಲ್ಲಿ ಪೆರಾಲ್ಟಾನೂ ಪಾಲುದಾರಿಕೆಯಿಂದ ಹೊರಬಂದನು. 1992ರಲ್ಲಿ ಟೋನಿ ಹಾಕ್ ತನ್ನ ಮನೆಯ ಮೇಲೆ ಸಾಲ ಎತ್ತಿ 'ಬರ್ಡ್‌ಹೌಸ್' ಎಂಬ ಸ್ವಂತ ಕಂಪೆನಿ ತೆರೆದನು. ಚಕ್ರವರ್ತಿಯ ಸಾಮ್ರಾಜ್ಯ ಕುಗ್ಗಿ ಒಂದು ಪಾಳೆಯಪಟ್ಟಾಯಿತು.

ಆಗ ಜಾರ್ಜ್ ಪವೆಲ್ ತಮ್ಮ ಮೂಲ ಬಂಡವಾಳಕ್ಕೆ ಮರಳಿದರು. ಅದೇ ಗಾಲಿ, ಅದೇ ಬೇರಿಂಗ್. ಫ್ಯಾಷನ್ ಬದಲಾದರೂ ಪ್ರತಿಯೊಂದು ಹಲಗೆಗೂ ನಾಲ್ಕು ಗಾಲಿಯೂ ಎಂಟು ಬೇರಿಂಗೂ ಬೇಕೇಬೇಕಲ್ಲವೆ? ಉತ್ತಮ ಪದಾರ್ಥದ ಬಲದಿಂದ ಸಂಸ್ಥೆ ಉಸಿರು ಹಿಡಿದು ಉಳಿಯಿತು. ಕ್ಯಾಬಲೆರೊ ಒಬ್ಬನು ಎಲ್ಲಿಗೂ ಹೋಗದೆ ನಿಂತನು. ಮನಸ್ತಾಪಗಳೂ ವರ್ಷಗಳುರುಳಿದಂತೆ ಕರಗಿದವು. ಪೆರಾಲ್ಟಾ ಚಲನಚಿತ್ರ ನಿರ್ದೇಶಕನಾಗಿ ಹೆಸರು ಗಳಿಸಿದ ಮೇಲೆ ಹಳೆಯ ಗೆಳೆಯರನ್ನು ಮತ್ತೆ ಕೂಡಿಸಿ, 2012ರಲ್ಲಿ ಬೋನ್ಸ್ ಬ್ರಿಗೇಡ್ ಕುರಿತು ಒಂದು ಸಾಕ್ಷ್ಯಚಿತ್ರವನ್ನು ಹೊರತಂದನು. ನಡುವಯಸ್ಸಿನ ಆ ಗಂಡಸರು ಬಾಲ್ಯದ ಭಯ, ಒಂಟಿತನ, ಗೆಳೆತನಗಳನ್ನು ನೆನೆದು ಕಣ್ಣೀರಿಡುವ ದೃಶ್ಯಗಳು ಅದರಲ್ಲಿವೆ. ಹಲಗೆ ಮಾರಿ ಬಂದ ಹಣಕ್ಕೆ ಯಾರೂ ಹೀಗೆ ಕಣ್ಣೀರಿಡುವುದಿಲ್ಲ.

ಟೋನಿ ಹಾಕ್‌ನ ಇನ್ನೊಂದು ಸಂಗತಿಯನ್ನು ಇಲ್ಲಿ ಸ್ಮರಿಸಬೇಕು. 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಸ್ಪರ್ಧೆಯಲ್ಲಿ, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಇಳಿಯುವ ಸಾಹಸಕ್ಕೆ ಅವನು ಕೈಹಾಕಿದನು. ಹನ್ನೊಂದು ಸಲ ಬಿದ್ದನು. ಹನ್ನೆರಡನೆಯ ಸಲ ನಿಂತನು. ಆಗ ಅವನ ವಯಸ್ಸು 31. ಅದೇ ಸಾಹಸವನ್ನು 2024ರಲ್ಲಿ ಆಸ್ಟ್ರೇಲಿಯದ ಅರಿಸಾ ಟ್ರೂ ಎಂಬ 14ರ ಬಾಲೆ ಮಾಡಿದಳು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕವನ್ನೂ ಪಡೆದಳು. ಟೋಕಿಯೋ ಕ್ರೀಡಾಕೂಟದ ಮೂಲಕ 2021ರಲ್ಲಿ ಒಲಿಂಪಿಕ್ಸ್ ಪ್ರವೇಶಿಸಿದ ಈ ಆಟದಲ್ಲಿ ಮಹಿಳೆಯರ ಮೊದಲ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. 'ಪೀಡೆ' ಎನಿಸಿಕೊಂಡ ಆಟ ಐದಾರು ದಶಕಗಳಲ್ಲಿ ಇಲ್ಲಿಗೆ ಬಂದು ತಲುಪಿತು.

ಬೆಂಗಳೂರಿನ ಕರಣೆ

ಕನ್ನಡನಾಡಿಗೂ ಈ ಗಾಲಿಯ ಗಾಳಿ ಬೀಸದೆ ಇರಲಿಲ್ಲ. 2010ರ ದಶಕದ ಆರಂಭದಲ್ಲಿ ಬೆಂಗಳೂರಿನ ಕೆಲವು ತರುಣರು 'ಹೋಲಿಸ್ಟೋಕ್ಡ್' ಎಂಬ ಹೆಸರಿನಲ್ಲಿ ಒಂದುಗೂಡಿದರು. ಇವರಿಗೆ ಪವೆಲ್‌ರಂಥ ಕಾರ್ಖಾನೆಯಿರಲಿಲ್ಲ. ಆಡಲು ನೆಲವೂ ಇರಲಿಲ್ಲ. ಸ್ಕೇಟ್‌ಬೋರ್ಡ್ ಆಡಲು ನುಣುಪಾದ ಸಿಮೆಂಟಿನ ಇಳಿಜಾರು ಬೇಕು. ಅದರ ಬಾಗು ಒಂದಿಷ್ಟು ತಪ್ಪಿದರೂ ಗಾಲಿ ಮುಗ್ಗರಿಸುತ್ತದೆ. ಯಂತ್ರ ಮಾಡುವ ಕೆಲಸ ಇದಲ್ಲ. ಕರಣೆ ಹಿಡಿದು ಕೈಯಿಂದಲೇ ತಿದ್ದಬೇಕಾದ ಗಾರೆಯ ಕಲೆ. 2013ರಲ್ಲಿ 'ಮೇಕ್ ಲೈಫ್ ಸ್ಕೇಟ್ ಲೈಫ್' ಎಂಬ ಸ್ವಯಂಸೇವಾ ಸಂಸ್ಥೆಯ ವಿದೇಶೀ ಕೆಲಸಗಾರರು ಬೆಂಗಳೂರಿಗೆ ಬಂದರು. ಲೀವೈಸ್ ಉಡುಪಿನ ಕಂಪೆನಿ ಹಣದ ನೆರವು ನೀಡಿತು. ಸ್ಥಳೀಯ ತರುಣರು ಅವರೊಡನೆ ಹೆಗಲು ಕೊಟ್ಟು ಸಿಮೆಂಟು ಕಲಸಿ, ಎಲ್ಲ ಮಕ್ಕಳಿಗೂ ಉಚಿತವಾಗಿ ತೆರೆದಿರುವ ಸ್ಕೇಟ್‌ಪಾರ್ಕೊಂದನ್ನು ಕಟ್ಟಿದರು. ಆ ಕೆಲಸದಲ್ಲಿ ಕಲಿತ ವಿದ್ಯೆ ಬೆಂಗಳೂರಿನಲ್ಲಿಯೇ ಉಳಿಯಿತು. ಆಡುವವರೇ ಕಟ್ಟುವವರೂ ಆದರು. ಕಟ್ಟುವವರೇ ಕಲಿಸುವವರೂ ಆದರು.

ಇದೇ ಬಳಗದೊಡನೆ ಹಲಗೆ ಹತ್ತಿದ ಬೆಂಗಳೂರಿನ ಅತೀತಾ ವರ್ಗೀಸ್ 2015ರಲ್ಲಿ 'ಗರ್ಲ್ ಸ್ಕೇಟ್ ಇಂಡಿಯಾ' ಎಂಬ ಪ್ರಯತ್ನವನ್ನು ಆರಂಭಿಸಿದರು. ಹೆಣ್ಣುಮಕ್ಕಳು ಬಯಲಿನಲ್ಲಿ ಆಡುವುದೇ ಅಪರೂಪವಾದ ಕಡೆಗಳಲ್ಲಿ, ಬಿದ್ದರೂ ನಗುತ್ತ ಏಳುವ ಅಕ್ಕನೊಬ್ಬಳನ್ನು ಕಣ್ಣಾರೆ ಕಂಡರೆ ಹುಡುಗಿಯರಿಗೆ ಬರುವ ಧೈರ್ಯ ಉಪದೇಶದಿಂದ ಬರುವಂಥದಲ್ಲ. ಅದೇ ವರ್ಷ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬ ಮಹಿಳೆ ಒಂದು ಸ್ಕೇಟ್‌ಪಾರ್ಕನ್ನು ತೆರೆದು, ಅದಕ್ಕೆ ಎರಡೇ ನಿಯಮಗಳನ್ನು ಮಾಡಿದರು. ಮೊದಲು ಶಾಲೆ, ಅನಂತರ ಹಲಗೆ. ಮೊದಲು ಹುಡುಗಿಯರ ಸರದಿ, ಅನಂತರ ಹುಡುಗರದು. ಆ ಹಳ್ಳಿಯ ಆಶಾ ಗೋಂಡ್ 2018ರಲ್ಲಿ ಚೀನಾದಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಭಾರತದ ಪರವಾಗಿ ಆಡಿದಳು. ಮುಂಬಯಿಯವರಿಗೂ ಈ ಆಟ ದೂರ ಉಳಿದಿಲ್ಲ. ಖಾಡಿಯಾಚೆಯ ನೇರೂಳಿನಲ್ಲಿಯೂ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿಯೂ ಸ್ಕೇಟ್‌ಪಾರ್ಕುಗಳು ತಲೆಯೆತ್ತಿದವು.

ಆರೋಗ್ಯದ ದೃಷ್ಟಿಯಿಂದ

ಐದರಿಂದ ಹದಿನೇಳು ವರ್ಷದೊಳಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆಯಲ್ಲಿ ತೊಡಗಬೇಕು. ವಾರದಲ್ಲಿ ಮೂರು ದಿನವಾದರೂ ಸ್ನಾಯು-ಮೂಳೆಗಳನ್ನು ಬಲಪಡಿಸುವ ಆಟ ಅದರಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮತ್ತೆ ಒತ್ತಿಹೇಳಿದೆ. ಮೂಳೆಯೆಂಬುದು ಉಳಿತಾಯ ಖಾತೆಯಿದ್ದಂತೆ. ಬಾಲ್ಯ ಯೌವನಗಳಲ್ಲಿ ಜಮಾ ಮಾಡಿದ ಗಟ್ಟಿತನವನ್ನೇ ಮುಪ್ಪಿನಲ್ಲಿ ತೆಗೆದು ಬಳಸಬೇಕು. ನೆಗೆತ, ಓಟ, ಸಮತೋಲನದ ಆಟಗಳು ಆ ಜಮೆಯ ದಾರಿಗಳು. ಹಲಗೆಯ ಮೇಲೆ ನಿಂತಾಗ ಕಾಲು, ಸೊಂಟ, ಬೆನ್ನುಗಳ ಸ್ನಾಯುಗಳು ಕ್ಷಣಕ್ಷಣಕ್ಕೂ ಕೆಲಸ ಮಾಡುತ್ತವೆ. ಕಣ್ಣಿಗೂ ಕಾಲಿಗೂ ಹೊಂದಾಣಿಕೆ ಬೆಳೆಯುತ್ತದೆ.

ಹಾಗೆಂದು ಅಪಾಯವನ್ನು ಮರೆಮಾಚುವಂತಿಲ್ಲ. ಬೀಳುವಾಗ ಕೈಯನ್ನು ನೆಟ್ಟಗೆ ಚಾಚಿ ನೆಲಕ್ಕೆ ಊರುವುದು ಮನುಷ್ಯನ ಸ್ವಭಾವ. ಆಗ ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಅಲ್ಲಿಯ ಮೂಳೆ ಮುರಿಯುತ್ತದೆ. ಈ ಆಟದ ಗಾಯಗಳಲ್ಲಿ ಮಣಿಕಟ್ಟು, ಮುಂದೋಳು, ಕಾಲಿನ ಹರಡುಗಳದೇ ದೊಡ್ಡ ಪಾಲು. ತಲೆಗೆ ಬೀಳುವ ಪೆಟ್ಟು ಎಲ್ಲಕ್ಕಿಂತ ಭಯಂಕರ. ಆದುದರಿಂದ ಕೆಳಗಿನ ಸೂಚನೆಗಳನ್ನು ತಂದೆತಾಯಿಗಳು ಪಾಲಿಸುವುದು ಒಳಿತು.

1. ಐದು ವರ್ಷ ತುಂಬದ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಬೇಡ. ಆರರಿಂದ ಹತ್ತು ವರ್ಷದವರು ಹಿರಿಯರ ಕಣ್ಣೆದುರಿನಲ್ಲಿ ಮಾತ್ರ ಆಡಬೇಕು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಇದೇ.

2. ತಲೆಗೆ ಸರಿಯಾಗಿ ಕೂರುವ ಶಿರಸ್ತ್ರಾಣ, ಮಣಿಕಟ್ಟು, ಮೊಣಕೈ, ಮೊಣಕಾಲುಗಳಿಗೆ ಕವಚ, ತಳ ಸಪಾಟಾದ ಬೂಟು ಇವಿಲ್ಲದೆ ಹಲಗೆ ಹತ್ತಕೂಡದು. ಹಲಗೆಗೆ ಕೊಡುವ ಹಣದಲ್ಲಿ ಮೊದಲ ಪಾಲು ಇವಕ್ಕೆ ಸಲ್ಲಬೇಕು.

3. ಏರುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸಬೇಕು. ಬೀಳುವೆನೆನಿಸಿದಾಗ ಮೊಣಕಾಲು ಮಡಿಸಿ ಕುಗ್ಗಬೇಕು. ಕೈಗಳನ್ನು ಎದೆಯ ಬಳಿ ಸೆಳೆದುಕೊಂಡು ಭುಜದ ಮೇಲೆ ಉರುಳಬೇಕು. ಹುಲ್ಲಿನ ಮೇಲೋ ಚಾಪೆಯ ಮೇಲೋ ಇದನ್ನು ಹಲವು ಸಲ ಅಭ್ಯಾಸ ಮಾಡಿಸಬಹುದು.

4. ವಾಹನ ಓಡಾಡುವ ರಸ್ತೆ, ಕಾರು ಹಿಂದೆ ಸರಿಯುವ ಆವರಣ, ಮಳೆಗೆ ತೊಯ್ದ ನೆಲ ಇವು ಸರ್ವಥಾ ವರ್ಜ್ಯ. ಮುಂಬಯಿಯ ಮಳೆಗಾಲದಲ್ಲಿ ಹಲಗೆ ಒಳಗೇ ಇರಲಿ.

5. ಪೆಟ್ಟಾದ ಜಾಗ ಬಾತು, ಓರೆಯಾಗಿ ಕಂಡರೆ ಎಣ್ಣೆ ತಿಕ್ಕಿ ನೀವಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಅಲುಗಾಡದಂತೆ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ವೈದ್ಯರ ಬಳಿಗೆ ಒಯ್ಯಬೇಕು. ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ಮಂಕಾಗಿ ನಿದ್ದೆಗೆ ಜಾರಿದರೆ, ಮಾತು ತಡವರಿಸಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

6. ಗಾಯ ಪೂರ್ತಿ ಮಾಗುವ ಮುನ್ನ ಆಟಕ್ಕೆ ಮರಳಕೂಡದು. ಟೋನಿ ಹಾಕ್‌ನ ತೊಡೆಯ ಮೂಳೆ 2022ರಲ್ಲಿ ಮುರಿಯಿತು. ಆಗ ಅವನಿಗೆ 53 ವರ್ಷ. ಆ ಮೂಳೆ ಸರಿಯಾಗಿ ಕೂಡದ ಕಾರಣ ಮರುವರ್ಷ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಚಾಂಪಿಯನ್ನನ ಮೂಳೆಯೂ ತನ್ನ ಕಾಲವನ್ನು ತೆಗೆದುಕೊಂಡೇ ಕೂಡುತ್ತದೆ.

7. ಬೆನ್ನುಮೂಳೆಯ ವಕ್ರತೆ, ಮೂರ್ಛೆರೋಗ, ದೃಷ್ಟಿದೋಷ ಮೊದಲಾದವು ಇರುವ ಮಕ್ಕಳು ತಮ್ಮ ವೈದ್ಯರನ್ನು ಕೇಳಿಯೇ ಇಂಥ ಆಟಕ್ಕೆ ತೊಡಗಬೇಕು. ಕ್ಯಾಬಲೆರೊನ ಉದಾಹರಣೆ ಧೈರ್ಯ ಕೊಡಲಿ, ದುಡುಕನ್ನಲ್ಲ.

ಕೊನೆಯ ಮಾತು

ಪವೆಲ್-ಪೆರಾಲ್ಟಾ ಕಂಪೆನಿಯ ಚರಿತ್ರೆಯನ್ನು ಓದಿದವರಿಗೆ ಒಂದು ಅಂಶ ಸ್ಪಷ್ಟವಾಗುತ್ತದೆ. ಅಲ್ಲಿ ಯಶಸ್ಸು ಬಂದದ್ದು ಮೂವರು ಹಿರಿಯರು ತಂತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದ. ಮಗನ ದೂರನ್ನು ತಳ್ಳಿಹಾಕದೆ ಕಾರಣ ಹುಡುಕಿದ ತಂದೆ ಒಬ್ಬರು. ಅನುಮತಿಯನ್ನೂ ಕೊಟ್ಟು ಕವಚವನ್ನೂ ಕಡ್ಡಾಯ ಮಾಡಿದ ತಂದೆ ಇನ್ನೊಬ್ಬರು. ಆಟಕ್ಕೆ ಅಂಗಳವಿಲ್ಲದಾಗ ಸಂಘ ಕಟ್ಟಿದ ತಂದೆ ಮತ್ತೊಬ್ಬರು. ತಂಡದ ಹುಡುಗರಲ್ಲಿ ಯಾರೂ ಬೀಳದೆ ಬೆಳೆಯಲಿಲ್ಲ. ಆದರೆ ಬಿದ್ದಾಗ ಯಾರೊಬ್ಬರೂ ಒಂಟಿಯಾಗಿರಲಿಲ್ಲ.

ಪ್ರತಿಯೊಂದು ಮಗುವೂ ಸ್ಕೇಟ್‌ಬೋರ್ಡನ್ನೇ ಹತ್ತಬೇಕೆಂದಿಲ್ಲ. ಕಬಡ್ಡಿಯಾದರೂ ಆಗಬಹುದು, ಖೋಖೋ ಆದರೂ ಆಗಬಹುದು, ಹಗ್ಗದಾಟವಾದರೂ ಆಗಬಹುದು. ಕಟ್ಟಡದ ಪುನರ್ನಿರ್ಮಾಣದ ಕರಾರಿಗೆ ಸಹಿ ಹಾಕುವ ಸದಸ್ಯರು ಕಾರಿನ ಜಾಗದ ಚದರಡಿಗಳನ್ನು ಲೆಕ್ಕ ಹಾಕುವಂತೆಯೇ ಮಕ್ಕಳ ಅಂಗಳದ ಚದರಡಿಗಳನ್ನೂ ಒಮ್ಮೆ ಕೇಳಿ ಬರೆಸಿಕೊಳ್ಳಬೇಕು. ಸಂಜೆಯ ಒಂದು ಗಂಟೆ ಸೊಸೈಟಿಯ ಆವರಣದಲ್ಲಿ ವಾಹನ ಅಲುಗದಂತೆ ಮಾಡಲು ಹಣ ಬೇಕಿಲ್ಲ, ಒಮ್ಮತ ಬೇಕು. ಅಷ್ಟಾದರೆ ಚೆಂಬೂರಿನ ಮಕ್ಕಳೂ ಎಡವುತ್ತ, ಏಳುತ್ತ, ನಡೆಯುವವರಾದಾರು.